ಕಂಪ್ಯೂಟರ್ ಕೀಬೋರ್ಡಿನಲ್ಲಿ ಸರಿಗಮ: ಪದೇ ಪದೇ ಕೇಳುವ ಪ್ರಶ್ನೆಗಳು

ಮೇಜಿನ ಮೇಲಿರುವ ಸಾಮಾನ್ಯ ಕೀಬೋರ್ಡನ್ನೇ ವಾದ್ಯವಾಗಿ ನುಡಿಸಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಸಂಗೀತ ಗೊತ್ತಿದ್ದು ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದವರು, ಕಂಪ್ಯೂಟರ್ ಗೊತ್ತಿದ್ದು ಸಂಗೀತ ಈಗ ಕಲಿಯುತ್ತಿರುವವರು, ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಟೈಪ್ ಮಾಡುವ ಕೀಬೋರ್ಡಿನಲ್ಲಿ ನಿಜವಾಗಿ ಸಂಗೀತ ನುಡಿಸಬಹುದಾ?

ಖಂಡಿತ ನುಡಿಸಬಹುದು. ಕೀ ಒತ್ತಿದಾಗ ಒಂದು ಸುದ್ದಿ, ಬಿಟ್ಟಾಗ ಇನ್ನೊಂದು ಸುದ್ದಿ ಕಂಪ್ಯೂಟರಿಗೆ ಹೋಗುತ್ತದೆ. ಸ್ವರ ಶುರು ಮಾಡಲು, ನಿಲ್ಲಿಸಲು ಇಷ್ಟು ಸಾಕು. ವರ್ಣ, ಕೀರ್ತನೆ, ಭಾವಗೀತೆ, ಸಿನಿಮಾ ಹಾಡು ಎಲ್ಲದಕ್ಕೂ ಬೇಕಾದಷ್ಟು ಸ್ವರಗಳು ಈ ನಾಲ್ಕು ಸಾಲುಗಳಲ್ಲಿ ಸಿಗುತ್ತವೆ. ಸಿಗದಿರುವುದೂ ಇದೆ, ಅದನ್ನು ಕೆಳಗೆ ಗಮಕದ, ಅಂದರೆ ಸ್ವರವನ್ನು ತೂಗಿ ಜಾರಿಸಿ ನುಡಿಸುವುದರ, ಪ್ರಶ್ನೆಯಲ್ಲಿ ಹೇಳಿದ್ದೇನೆ.

ಪಿಯಾನೋ ಥರದ ಜೋಡಣೆ ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಇದೆಯಲ್ಲ, ಬೇರೆ ಯಾಕೆ ಬೇಕು?

ಆ ಜೋಡಣೆಯಲ್ಲಿ ಝಡ್ ಸಾಲು ಬಿಳಿ ಮನೆಗಳು, ಅದರ ಮೇಲಿನ ಸಾಲು ಕಪ್ಪು ಮನೆಗಳು. ಪಿಯಾನೋದಲ್ಲಿ ಎರಡು ಜಾಗದಲ್ಲಿ ಕಪ್ಪು ಮನೆ ಇಲ್ಲ ಅಲ್ವಾ? ಹಾಗಾಗಿ ಎ, ಎಫ್, ಕೆ ಕೀಗಳು ಸುಮ್ನೆ ಕೂತಿರುತ್ತವೆ. ಸ ಇಂದ ಮುಂದಿನ ಸ ವರೆಗಿನ ಒಂದು ಸ್ಥಾಯಿಗೆ ಎರಡು ಸಾಲು ಖರ್ಚಾಗುತ್ತದೆ. ಒಟ್ಟು ಸಿಗುವುದು ಸುಮಾರು ಎರಡೂವರೆ ಸ್ಥಾಯಿ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಶ್ರುತಿ, ಅಂದರೆ ಸ ಇಟ್ಟುಕೊಳ್ಳುವ ಎತ್ತರ, ಬದಲಾದರೆ ಬೆರಳುಗಳ ನಡೆಯೇ ಬದಲಾಗುತ್ತದೆ. ಒಂದು ಮನೆ ಶ್ರುತಿಯಲ್ಲಿ ಕಲಿತ ಮೋಹನ ರಾಗ ಐದೂವರೆ ಮನೆಗೆ ಹೋದರೆ ಕೈಗೆ ಹೊಸ ಪಾಠ. ಪಿಯಾನೋ ಕಲಿತವರಿಗೆ ಇದು ಅಭ್ಯಾಸ ಇರಬಹುದು. ಆದರೆ ನಮ್ಮ ಮುಂದಿರುವುದು ಪಿಯಾನೋ ಅಲ್ಲ. ಒಂದೇ ಅಳತೆಯ ಗುಂಡಿಗಳ ಸಾಲುಗಳು. ಅದನ್ನು ಗುಂಡಿ ವಾದ್ಯವಾಗಿಯೇ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಯಾವ ಜೋಡಣೆ ಒಳ್ಳೆಯದು?

ಮೊದಲ ಸಲ ಪ್ರಯತ್ನಿಸುವವರಿಗೆ ವಿಕಿ-ಹೇಡನ್ ಜೋಡಣೆ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಕಾಸ್ಪರ್ ವಿಕಿ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಇಂಗ್ಲೆಂಡಿನ ಬ್ರಯಾನ್ ಹೇಡನ್ ಕನ್ಸರ್ಟಿನಾಗೆಂದು ಅದೇ ಜೋಡಣೆಯನ್ನು ತಾವೇ ಬೇರೆಯಾಗಿ ಕಂಡುಕೊಂಡು 1986ರಲ್ಲಿ ಪೇಟೆಂಟ್ ಪಡೆದರು. ಕನ್ಸರ್ಟಿನಾ ಅಂದರೆ ಎರಡು ಕೈಯಲ್ಲಿ ಹಿಡಿದು ತಿದಿ ಒತ್ತುತ್ತಾ ನುಡಿಸುವ ಪುಟ್ಟ ಗುಂಡಿ ಪೆಟ್ಟಿಗೆ.

ನಿಯಮ ಮೂರೇ ಮಾತಿನದು. ಬಲಕ್ಕೆ ಒಂದು ಕೀ ಸರಿದರೆ ಎರಡು ಸ್ವರಸ್ಥಾನ ಮೇಲೆ (ಪಿಯಾನೋದಲ್ಲಿ ಬಿಳಿ ಕಪ್ಪು ಸೇರಿ ಒಂದು ಮನೆಯಿಂದ ಪಕ್ಕದ ಮನೆಗೆ ಒಂದು ಸ್ವರಸ್ಥಾನ). ಮೇಲೆ ಎಡಕ್ಕೆ ಹೋದರೆ ಐದು ಸ್ಥಾನ, ಅಂದರೆ ಸ ಇಂದ ಶುದ್ಧ ಮಧ್ಯಮ. ಮೇಲೆ ಬಲಕ್ಕೆ ಹೋದರೆ ಏಳು ಸ್ಥಾನ, ಅಂದರೆ ಪಂಚಮ. ಐದೂ ಏಳೂ ಸೇರಿ ಹನ್ನೆರಡು, ಒಂದು ಸ್ಥಾಯಿಯಲ್ಲಿರುವುದೂ ಹನ್ನೆರಡೇ ಸ್ಥಾನ, ಹಾಗಾಗಿ ಎರಡು ಸಾಲು ನೆಟ್ಟಗೆ ಮೇಲೆ ಹೋದರೆ ಅದೇ ಸ್ವರದ ಮೇಲಿನ ಸ್ಥಾಯಿ.

ಕಂಪ್ಯೂಟರ್ ಕೀಬೋರ್ಡಿನ ಸಾಲುಗಳು ಒಂದರ ಮೇಲೊಂದು ನೇರವಾಗಿ ಕೂತಿಲ್ಲ, ಸ್ವಲ್ಪ ಸ್ವಲ್ಪ ಜರುಗಿವೆ. ಹಳೇ ಟೈಪ್‌ರೈಟರಿನಿಂದ ಬಂದ ಈ ಓರೆ ಇಲ್ಲಿ ನಮಗೆ ವರ. ಸಿ ಕೀ ನೋಡಿ. ಅದರ ಮೇಲೆ ಎಡಕ್ಕೆ ಡಿ ಇದೆ, ಬಲಕ್ಕೆ ಎಫ್ ಇದೆ. ಜೇನುಗೂಡಿನ ಕೋಣೆಗಳ ಹಾಗೆ ಪ್ರತಿ ಕೀಗೂ ಮೇಲೆ ಇಬ್ಬರು ನೆರೆಯವರು. ವಿಕಿ ಜೋಡಣೆಗೆ ಬೇಕಿರುವುದೂ ಅದೇ.

ಯಾವ ಕೀಗೆ ಯಾವ ಸ್ವರ? ಲೆಕ್ಕ ಕೊಡಿ.

ಮಿಡಿ ಅನ್ನುವ ಸಂಗೀತ ಭಾಷೆ 1983ರಿಂದ ಬಳಕೆಯಲ್ಲಿದೆ. ಅದರಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ನಂಬರ್. ಪಿಯಾನೋದ ನಡುವಿನ ಷಡ್ಜಕ್ಕೆ, ಅಂದರೆ ನಮ್ಮ ಒಂದು ಮನೆಗೆ, 60. ಝಡ್ ಕೀಗೆ 56 ಕೊಡಿ. ಎ ಕೀಗೆ 61, ಕ್ಯೂ ಕೀಗೆ 66, ಅಂಕಿ 1ರ ಕೀಗೆ 71. ಪ್ರತಿ ಸಾಲಿನಲ್ಲೂ ಬಲಕ್ಕೆ ಹೋದ ಹಾಗೆ 2 ಕೂಡಿಸುತ್ತಾ ಹೋಗಿ. ಮುಗಿಯಿತು.

ಈಗ ಸಿ ಕೀ 60, ಅದು ಸ. ಮುಂದೆ ವಿ ರಿ, ಬಿ ಗ. ಮೇಲಿನ ಸಾಲಿಗೆ ಹೋಗಿ: ಡಿ ಮ, ಎಫ್ ಪ, ಜಿ ದ, ಎಚ್ ನಿ. ಇನ್ನೊಂದು ಸಾಲು ಮೇಲೆ ಆರ್ ತಾರಸ್ಥಾಯಿ ಸ. ಇದು ಶಂಕರಾಭರಣದ ಆರೋಹಣ, ಹಿಂದೂಸ್ತಾನಿಯವರಿಗೆ ಬಿಲಾವಲ್. ಕೈ ಇಟ್ಟ ಜಾಗದಿಂದ ಜಾಸ್ತಿ ಅಲುಗಾಡುವುದೇ ಇಲ್ಲ. ಸರಿಯಾಗಿದೆಯಾ ನೋಡಲು ಜಿ ಕೀ ಒತ್ತಿ. ಅದು 69, ಅಂದರೆ 440 ಹರ್ಟ್ಜ್. ಫೋನಿನ ಟ್ಯೂನರ್ ಆಪ್ ಅದನ್ನೇ ತೋರಿಸಬೇಕು.

ಕೆಳಗಿನ ಝಡ್ ಇಂದ ಮೇಲಿನ ಸಾಲಿನ ಕೊನೆಯ ಸಮ ಚಿಹ್ನೆಯವರೆಗೆ ಮೂರು ಸ್ಥಾಯಿಗಿಂತ ತುಸು ಜಾಸ್ತಿ ಬರುತ್ತದೆ. ಎಷ್ಟೋ ಸ್ವರಗಳು ಎರಡು ಜಾಗದಲ್ಲಿ ಸಿಗುತ್ತವೆ. ಯಾವುದು ಹತ್ತಿರವೋ ಅದನ್ನು ಬಳಸಿ.

ರಾಗಗಳು ಇದರಲ್ಲಿ ಹೇಗೆ ಕಾಣುತ್ತವೆ?

ಈ ಜೋಡಣೆಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಡುವ ವಿಷಯ ಇದು. ರಾಗ ಅಂದರೆ ಇಲ್ಲಿ ಒಂದು ಆಕಾರ.

ಮೋಹನ ತೆಗೆದುಕೊಳ್ಳಿ. ಸಿ, ವಿ, ಬಿ ಮೂರು ಕೀ. ಅದರ ಮೇಲೆ ಎಫ್, ಜಿ ಎರಡು ಕೀ. ನಂತರ ಆರ್. ಮೂರು, ಎರಡು, ಮೂರು, ಎರಡು ಅಂತ ಮೇಲಕ್ಕೆ ಹತ್ತುತ್ತಾ ಹೋಗುವುದು. ಈಗ ಅದೇ ಕೀಗಳನ್ನು ಬಿ ಇಂದ ಶುರು ಮಾಡಿ ನುಡಿಸಿ. ಬಿ, ಎಫ್, ಜಿ, ಆರ್, ಟಿ, ವೈ. ಬಿ ಯನ್ನು ಸ ಅಂತ ಕೇಳಿಸಿಕೊಂಡರೆ ಅದು ಹಿಂದೋಳ! ವಿ ಇಂದ ಶುರು ಮಾಡಿದರೆ ಮಧ್ಯಮಾವತಿ. ಗ್ರಹಭೇದ ಅಂತ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸುವುದು ಇಲ್ಲಿ ಬೆರಳಿನ ಕೆಳಗೇ ಇದೆ. ಕೀಗಳು ಅವೇ, ಸ ಮಾತ್ರ ಬೇರೆ. ಇದನ್ನು ಮಾಡುವಾಗ ಹಿಂದೆ ತಂಬೂರಿ ಆಪ್ ಹಾಕಿಕೊಂಡು ಅದರ ಶ್ರುತಿಯನ್ನೂ ಬದಲಿಸಿ. ಇಲ್ಲದಿದ್ದರೆ ಕಿವಿ ಹಳೇ ಸ ಬಿಡುವುದಿಲ್ಲ.

ಸಿ ಯನ್ನೇ ಸ ಇಟ್ಟುಕೊಂಡು ಹಿಂದೋಳ ಬೇಕಾದರೆ ಸಿ, ಎಸ್, ಡಿ, ಡಬ್ಲ್ಯು, ಇ, ಆರ್. ಸಾಲು ಹತ್ತಿದಂತೆ ಒಂದು, ಎರಡು, ಮೂರು ಕೀ.

ಸರಳೆ ವರಸೆಯ ಮಾಯಾಮಾಳವಗೌಳ ಮಾತ್ರ ಶುರುವಿನಲ್ಲಿ ಬೆರಳಿಗೆ ಕಷ್ಟ. ಶುದ್ಧ ರಿಷಭ ಸ ಇಂದ ಒಂದೇ ಸ್ಥಾನ ಮೇಲಿದ್ದರೂ ಇಲ್ಲಿ ಎಡಗಡೆ ದೂರದಲ್ಲಿ, ಎ ಕೀಯಲ್ಲಿ ಸಿಗುತ್ತದೆ. ಸ ರಿ ಗ ಮ ಅಂದರೆ ಸಿ, ಎ, ಬಿ, ಡಿ. ಎಡಕ್ಕೆ ಹಾರಿ ಬಲಕ್ಕೆ ಹಾರಬೇಕು. ಆದರೆ ಮುಂದೆ ನೋಡಿ. ಪ ದ ನಿ ಸ ಅಂದರೆ ಎಫ್, ಡಬ್ಲ್ಯು, ಎಚ್, ಆರ್. ಸಿ-ಎ-ಬಿ-ಡಿ ಎಳೆದ ಗೆರೆಯೂ ಎಫ್-ಡಬ್ಲ್ಯು-ಎಚ್-ಆರ್ ಎಳೆದ ಗೆರೆಯೂ ಒಂದೇ. ಒಂದು ಸಾಲು ಮೇಲೆ ಸರಿದಿದೆ ಅಷ್ಟೆ. ಪೂರ್ವಾಂಗ (ಮೊದಲರ್ಧ) ಕಲಿತರೆ ಉತ್ತರಾಂಗ (ಎರಡನೇ ಅರ್ಧ) ಕಲಿತ ಹಾಗೆಯೇ. ಇದು ಈ ರಾಗದ ಸ್ವಭಾವ, ಜೋಡಣೆ ಅದನ್ನು ಕಣ್ಣಿಗೆ ತೋರಿಸುತ್ತದೆ. ಎಡಗೈಯಲ್ಲಿ ರಿ ಮತ್ತು ದ, ಬಲಗೈಯಲ್ಲಿ ಉಳಿದದ್ದು ಅಂತ ಹಂಚಿಕೊಂಡರೆ ಎರಡನೇ ಕಾಲದವರೆಗೂ ಆರಾಮಾಗಿ ಹೋಗಬಹುದು.

ಶ್ರುತಿ ಬದಲಿಸುವುದು ಹೇಗೆ?

ಎಲ್ಲಾ ನಂಬರಿಗೂ ಒಂದೇ ಸಂಖ್ಯೆ ಕೂಡಿಸಿ, ಇಲ್ಲವೇ ಕಳೆಯಿರಿ. ಎರಡು ಮನೆಗೆ 2 ಕೂಡಿಸಿ. ನಾಲ್ಕಕ್ಕೆ 5, ಐದಕ್ಕೆ 7. ಬೆರಳಿಗೆ ಇದರ ಸುದ್ದಿಯೇ ಬೇಡ, ಸಿ ಕೀ ಯಾವತ್ತೂ ಸ. ಹಾಡುವವರ ಜೊತೆ ನುಡಿಸುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಇದಕ್ಕೆ ಯಾವ ಸಾಫ್ಟ್‌ವೇರ್ ಬೇಕು?

ವಿಎಂಪಿಕೆ ಅನ್ನುವ ಉಚಿತ ಪ್ರೋಗ್ರಾಮ್ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಯಾವ ಕೀಗೆ ಯಾವ ಸ್ವರ ಅಂತ ನಾವೇ ಪಟ್ಟಿ ತುಂಬಿ ಉಳಿಸಿಕೊಳ್ಳಬಹುದು. ಶ್ರುತಿ ಏರಿಸಲು ಇಳಿಸಲು ಟ್ರಾನ್ಸ್‌ಪೋಸ್ ಇದೆ. ಅದರಿಂದ ಇನ್ನೊಂದು ಪ್ರೋಗ್ರಾಮಿಗೆ ಸ್ವರ ಕಳಿಸಬೇಕಾದರೆ ವಿಂಡೋಸಿನಲ್ಲಿ ಲೂಪ್‌ಮಿಡಿ ಹಾಕಿಕೊಳ್ಳಿ. ಮ್ಯಾಕಿನಲ್ಲಿ ಐಎಸಿ ಡ್ರೈವರ್ ಆಗಲೇ ಇರುತ್ತದೆ, ಆನ್ ಮಾಡಿದರೆ ಸಾಕು. ವಾದ್ಯದ ದನಿಗೆ ಫ್ಲೂಯಿಡ್‌ಸಿಂಥ್ ಚೆನ್ನಾಗಿದೆ.

ನಾನೇ ಬ್ರೌಸರಿನಲ್ಲಿ ಓಡುವ ಪ್ರೋಗ್ರಾಮ್ ಬರೆಯಬಹುದಾ?

ಬರೆಯಿರಿ. ಜಾವಾಸ್ಕ್ರಿಪ್ಟ್ ಸ್ವಲ್ಪ ಗೊತ್ತಿದ್ದರೂ ಒಂದು ಸಂಜೆಯ ಕೆಲಸ. ವೆಬ್ ಆಡಿಯೋ ಬ್ರೌಸರಿನಲ್ಲೇ ಇದೆ. ಸ್ವರದ ನಂಬರಿನಿಂದ 69 ಕಳೆದು 12ರಿಂದ ಭಾಗಿಸಿ, 2ನ್ನು ಅಷ್ಟು ಘಾತಕ್ಕೆ ಏರಿಸಿ 440ರಿಂದ ಗುಣಿಸಿದರೆ ಹರ್ಟ್ಜ್ ಬರುತ್ತದೆ. ಕೆಲವು ಕಡೆ ಎಲ್ಲರೂ ಎಡವುತ್ತಾರೆ, ಅವನ್ನು ಮೊದಲೇ ಹೇಳಿಬಿಡುತ್ತೇನೆ.

ಕೀ ಹಿಡಿದೇ ಇದ್ದರೆ ಕಂಪ್ಯೂಟರ್ ಅದೇ ಅಕ್ಷರವನ್ನು ಮತ್ತೆ ಮತ್ತೆ ಕಳಿಸುತ್ತದೆ. ಈ ಪುನರಾವರ್ತನೆಯನ್ನು ಗುರುತಿಸಿ ಬಿಟ್ಟುಬಿಡಿ, ಇಲ್ಲದಿದ್ದರೆ ಸ್ವರ ಗಡಗಡ ಅನ್ನುತ್ತದೆ. ಸ್ವರವನ್ನು ಒಮ್ಮೆಲೇ ಶುರು ಮಾಡಿ ಒಮ್ಮೆಲೇ ಕತ್ತರಿಸಿದರೆ ಟಕ್ ಅಂತ ಸದ್ದು ಬರುತ್ತದೆ. 5ರಿಂದ 10 ಮಿಲಿಸೆಕೆಂಡಿನಲ್ಲಿ ಏರಿಸಿ ಇಳಿಸಿ. ನುಡಿಸುವಾಗ ಬೇರೆ ವಿಂಡೋಗೆ ಹೋದರೆ ಕೀ ಬಿಟ್ಟ ಸುದ್ದಿ ನಿಮ್ಮ ಪ್ರೋಗ್ರಾಮಿಗೆ ತಲುಪುವುದೇ ಇಲ್ಲ, ಸ್ವರ ಊಳಿಡುತ್ತಾ ನಿಂತುಬಿಡುತ್ತದೆ. ಹಾಗಾಗಿ ವಿಂಡೋ ಗಮನ ಕಳೆದುಕೊಂಡ ಕೂಡಲೇ ಎಲ್ಲ ಸ್ವರ ನಿಲ್ಲಿಸಿ. ಫೈರ್‌ಫಾಕ್ಸಿನಲ್ಲಿ ಓರೆಗೆರೆ ಕೀ ಒತ್ತಿದರೆ ಹುಡುಕುವ ಪಟ್ಟಿ ತೆರೆಯುತ್ತದೆ, ಅದನ್ನೂ ತಡೆಯಬೇಕು. ಪುಟದ ಮೇಲೆ ಒಮ್ಮೆ ಕ್ಲಿಕ್ ಮಾಡುವವರೆಗೆ ಅಥವಾ ಕೀ ಒತ್ತುವವರೆಗೆ ಬ್ರೌಸರ್ ಸದ್ದು ಮಾಡಲು ಬಿಡುವುದಿಲ್ಲ, ಅದಕ್ಕೆ ಶುರುವಿನಲ್ಲೇ ಒಂದು ಬಟನ್ ಇಡಿ.

ನಾನು ಕನ್ನಡ ಕೀಲಿಮಣೆ ಬಳಸುತ್ತೇನೆ. ಅದು ಆನ್ ಇದ್ದರೆ ತೊಂದರೆನಾ?

ಪ್ರೋಗ್ರಾಮ್ ಹೇಗೆ ಬರೆದಿದ್ದಾರೆ ಅನ್ನುವುದರ ಮೇಲಿದೆ. ಅಕ್ಷರ ನೋಡಿ ಸ್ವರ ಕೊಡುವ ಪ್ರೋಗ್ರಾಮ್ ಆದರೆ ಕೈ ಕೊಡುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಜೋಡಣೆಯಲ್ಲಿ ಕೆ ಒತ್ತಿದರೆ ಕ ಬರುತ್ತದೆ, ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಜೋಡಣೆಯಲ್ಲಿ ಅದೇ ಕೆ ಕೀಯಲ್ಲಿ ಕ ಇದ್ದರೂ ಉಳಿದ ಅಕ್ಷರಗಳ ಜಾಗ ಪೂರಾ ಬೇರೆ. ಪ್ರೋಗ್ರಾಮ್ ಹುಡುಕುವುದು ಇಂಗ್ಲಿಷ್ ಅಕ್ಷರವನ್ನು, ಹಾಗಾಗಿ ಸ್ವರವೇ ಬರುವುದಿಲ್ಲ. ನೀವೇ ಬರೆಯುವಾಗ ಅಕ್ಷರದ ಬದಲು ಕೀಯ ಜಾಗದ ಸಂಕೇತ ನೋಡಿ. ಬ್ರೌಸರ್ ಎರಡನ್ನೂ ಬೇರೆ ಬೇರೆಯಾಗಿ ಕೊಡುತ್ತದೆ. ಆಗ ಕನ್ನಡ, ಇಂಗ್ಲಿಷ್, ಫ್ರೆಂಚ್ ಯಾವುದಿದ್ದರೂ ಸ್ವರ ಕದಲುವುದಿಲ್ಲ. ಆದರೂ ಕೆಲವು ಲಿಪ್ಯಂತರ ಉಪಕರಣಗಳು ಕೀ ಸುದ್ದಿಯನ್ನು ನಡುವೆಯೇ ಹಿಡಿದುಕೊಳ್ಳುತ್ತವೆ. ನುಡಿಸುವಾಗ ಇಂಗ್ಲಿಷಿಗೆ ಬದಲಿಸಿಕೊಳ್ಳುವುದು ಒಳ್ಳೆಯದು.

ಮೂರು ಕೀ ಒಟ್ಟಿಗೆ ಒತ್ತಿದರೆ ಒಂದು ಕೇಳಿಸುವುದಿಲ್ಲ. ಕೀಬೋರ್ಡ್ ಹಾಳಾಗಿದೆಯಾ?

ಇಲ್ಲ, ಅದು ಅದರ ಕಟ್ಟೋಣ. ನೂರು ಕೀಗೆ ನೂರು ತಂತಿ ಇರುವುದಿಲ್ಲ. ಅಡ್ಡ ತಂತಿ, ಉದ್ದ ತಂತಿಗಳ ಜಾಲ ಇರುತ್ತದೆ, ಎರಡು ಸೇರುವ ಕಡೆ ಒಂದು ಕೀ. ಜಾಲದಲ್ಲಿ ಒಂದು ಚೌಕದ ಮೂರು ಮೂಲೆಯ ಕೀ ಒತ್ತಿದಿರಿ ಅನ್ನಿ. ಕರೆಂಟು ಸುತ್ತಿ ಬಂದು ನಾಲ್ಕನೇ ಮೂಲೆಯೂ ಒತ್ತಿದ ಹಾಗೆ ಕಾಣುತ್ತದೆ. ಇಲ್ಲದ ಅಕ್ಷರ ಬರದಿರಲಿ ಅಂತ ಕೀಬೋರ್ಡ್ ಕೊನೆಯ ಕೀಯನ್ನೇ ಕೈಬಿಡುತ್ತದೆ. ಯಾವ ಮೂರು ಕೀ ಜಗಳ ಆಡುತ್ತವೆ ಅನ್ನುವುದು ಒಂದೊಂದು ಮಾಡೆಲ್ಲಿಗೆ ಒಂದೊಂದು ಥರ.

ಪ್ರತಿ ಕೀಗೂ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರುವ ಕೀಬೋರ್ಡಿನಲ್ಲಿ ಈ ಸಮಸ್ಯೆ ಇಲ್ಲ. ಆದರೂ ಯುಎಸ್‌ಬಿಯ ಸಾದಾ ಪದ್ಧತಿಯಲ್ಲಿ ಶಿಫ್ಟ್ ಥರದವನ್ನು ಬಿಟ್ಟು ಒಂದು ಸಲಕ್ಕೆ ಆರು ಕೀ ಮಾತ್ರ ಹೋಗುತ್ತವೆ. ನಮಗೆ ಆರು ಧಾರಾಳ. ಒಂದೊಂದೇ ಸ್ವರದಲ್ಲಿ ರಾಗ ನುಡಿಸುವವರಿಗಂತೂ ಇದು ತಲೆನೋವೇ ಅಲ್ಲ, ಯಾವ ಎರಡು ಕೀ ಆದರೂ ಎಲ್ಲ ಕೀಬೋರ್ಡಿನಲ್ಲೂ ಕೆಲಸ ಮಾಡುತ್ತವೆ. ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ಹಿಡಿಯುವವರು ಮಾತ್ರ ಮೊದಲು ಸಿ-ಬಿ-ಎಫ್ ಒಟ್ಟಿಗೆ ಒತ್ತಿ ನೋಡಿ, ಅದು ಮೇಜರ್ ಕಾರ್ಡ್. ಆಮೇಲೆ ಸಿ-ಎಸ್-ಎಫ್, ಅದು ಮೈನರ್. ಎರಡೂ ಬಂದರೆ ಅದೇ ಆಕಾರವನ್ನು ಬೇರೆ ಬೇರೆ ಜಾಗದಲ್ಲಿ ಒತ್ತಿ ನೋಡುತ್ತಾ ಹೋಗಿ.

ಕೀ ಒತ್ತಿದ ಮೇಲೆ ಸ್ವರ ತಡವಾಗಿ ಬರುತ್ತದೆ.

ಬ್ಲೂಟೂತ್ ಇಯರ್‌ಫೋನ್ ಹಾಕಿದ್ದರೆ ಮೊದಲು ತೆಗೆಯಿರಿ. ಅದರಲ್ಲೇ 100 ಮಿಲಿಸೆಕೆಂಡಿಗಿಂತ ಜಾಸ್ತಿ ತಡ ಸಾಮಾನ್ಯ. ವೈರಿನ ಇಯರ್‌ಫೋನ್ ಬಳಸಿ. ಆಮೇಲೆ ಆಡಿಯೋ ಬಫರ್, ಅಂದರೆ ಸದ್ದನ್ನು ಕಳಿಸುವ ಮೊದಲು ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ಪ್ರಮಾಣ, ಕಡಿಮೆ ಮಾಡಿ. 48,000 ಸ್ಯಾಂಪಲ್ ವೇಗದಲ್ಲಿ 256 ಸ್ಯಾಂಪಲ್ ಬಫರ್ ಅಂದರೆ 5 ಮಿಲಿಸೆಕೆಂಡಿಗೆ ತುಸು ಮೇಲೆ, ಅಷ್ಟು ಕಿವಿಗೆ ತಿಳಿಯುವುದಿಲ್ಲ. ವಿಂಡೋಸಿನ ಜೊತೆ ಬರುವ ಮಿಡಿ ಸಿಂಥ್ (ದನಿ ಹುಟ್ಟಿಸುವ ಪ್ರೋಗ್ರಾಮ್) ನಿಧಾನ, ಅದನ್ನು ಬಿಟ್ಟು ತಡ ಕಡಿಮೆ ಮಾಡುವ ಎಎಸ್‌ಐಒ ಡ್ರೈವರ್ ಬಳಸುವ ಪ್ರೋಗ್ರಾಮ್ ಹಿಡಿಯಿರಿ.

ಜೋರಾಗಿ, ಮೆಲ್ಲಗೆ ನುಡಿಸುವುದು ಹೇಗೆ?

ಕೀ ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಪಿಯಾನೋ ದನಿ ಇಟ್ಟುಕೊಂಡರೆ ಜೀವ ಇರುವುದಿಲ್ಲ. ಆದರೆ ಹಾರ್ಮೋನಿಯಂ ನೆನಪಿಸಿಕೊಳ್ಳಿ. ಅಲ್ಲೂ ಬೆರಳಿನ ಬಿರುಸಿಗೆ ಬೆಲೆ ಇಲ್ಲ, ದನಿ ಏರಿಸಿ ಇಳಿಸುವುದು ತಿದಿ ಹಾಕುವ ಎಡಗೈ. ಇಲ್ಲೂ ಹಾಗೇ ಮಾಡಬಹುದು. ಬಲಗೈ ಕೀಗಳ ಮೇಲೆ, ಎಡಗೈ ಮೌಸ್ ಅಥವಾ ಟಚ್‌ಪ್ಯಾಡಿನ ಮೇಲೆ. ಬೆರಳು ಮೇಲೆ ಸರಿದರೆ ದನಿ ಏರಲಿ, ಕೆಳಗೆ ಸರಿದರೆ ಇಳಿಯಲಿ. ಒಂದೇ ಉದ್ದ ಸ್ವರ ಹಿಡಿದು ತುಂಬಿ ಬಿಡುವುದು ಆಗ ಸಾಧ್ಯವಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಒಂದು ಎಚ್ಚರಿಕೆ: ಟೈಪ್ ಮಾಡುವಾಗ ಟಚ್‌ಪ್ಯಾಡ್ ನಿಲ್ಲಿಸುವ ಸೆಟ್ಟಿಂಗ್ ಸಾಮಾನ್ಯವಾಗಿ ಆನ್ ಇರುತ್ತದೆ. ಅದನ್ನು ಆಫ್ ಮಾಡದಿದ್ದರೆ ನಿಮ್ಮ ತಿದಿ ಅಲ್ಲಾಡುವುದೇ ಇಲ್ಲ.

ಗಮಕ ಬರುತ್ತದಾ?

ವೀಣೆಯ ಗಮಕ ಬರುವುದಿಲ್ಲ. ತೋಡಿ ರಾಗದ ತೂಗುವ ಗಾಂಧಾರವನ್ನು ಗುಂಡಿಯಲ್ಲಿ ಹುಡುಕಬೇಡಿ. ಹಾರ್ಮೋನಿಯಂ ಮೇಲೂ ಇದೇ ದೂರು ಇತ್ತು. ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿತ್ತು. ಆದರೂ ಉತ್ತರ ಕರ್ನಾಟಕದ ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರಿಲ್ಲದೆ ಪರದೆ ಏಳುತ್ತಿರಲಿಲ್ಲ.

ಪೂರಾ ಕೈ ಚೆಲ್ಲಬೇಕಾಗಿಲ್ಲ. ಸಿಂಥ್‌ನಲ್ಲಿ ಒಂದೇ ಸ್ವರ ನುಡಿಯುವ ಮೋನೋ ಸ್ಥಿತಿ ಆರಿಸಿ, ಜಾರುವ ಸಮಯ 80 ಮಿಲಿಸೆಕೆಂಡ್ ಆಸುಪಾಸು ಇಡಿ. ಈಗ ಒಂದು ಕೀ ಬಿಡದೆ ಇನ್ನೊಂದು ಒತ್ತಿದರೆ ಸ್ವರ ಜಾರಿಕೊಂಡು ಹೋಗುತ್ತದೆ. ಬಿಟ್ಟರೆ ಹಿಂದಿನ ಸ್ವರಕ್ಕೆ ಜಾರಿ ಬರುತ್ತದೆ. ಬಿ ಕೀ ಹಿಡಿದುಕೊಳ್ಳಿ, ಅದು ಗ. ಇನ್ನೊಂದು ಬೆರಳಿನಿಂದ ಡಿ ಕೀಯನ್ನು ಬೇಗ ಬೇಗ ತಟ್ಟಿ, ಅದು ಮ. ದನಿ ಎರಡರ ನಡುವೆ ತೂಗುತ್ತದೆ, ಶಂಕರಾಭರಣದ ಮಧ್ಯಮದ ನೆರಳು ಬೀಳುತ್ತದೆ. ತಟ್ಟುವ ವೇಗ ಮತ್ತು ಜಾರುವ ಸಮಯ ಹೊಂದಬೇಕು. ಸಮಯ ತೀರಾ ಕಡಿಮೆ ಇಟ್ಟರೆ ಎರಡು ಬಿಡಿ ಸ್ವರ ಕೇಳುತ್ತದೆ, ಜಾಸ್ತಿ ಆದರೆ ಮ ತಲುಪುವ ಮೊದಲೇ ವಾಪಸ್ ಬರುತ್ತದೆ. ಇದನ್ನು ಕಿವಿಯಿಂದಲೇ ಹೊಂದಿಸಬೇಕು.

ತಂಬೂರಿ ಹಾಕಿಕೊಂಡರೆ ಗಾಂಧಾರ ಸೇರುವುದಿಲ್ಲ ಅನ್ನಿಸುತ್ತದೆ.

ನಿಮ್ಮ ಕಿವಿ ಸರಿ ಇದೆ. ಪಿಯಾನೋ ಲೆಕ್ಕದಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿರುತ್ತಾರೆ. ಒಂದು ಭಾಗಕ್ಕೆ 100 ಸೆಂಟ್ ಅನ್ನುವ ಅಳತೆ. ಅಂತರ ಗಾಂಧಾರ ಸ ಇಂದ 400 ಸೆಂಟ್ ದೂರದಲ್ಲಿ ಬೀಳುತ್ತದೆ. ತಂಬೂರಿಯ ತಂತಿಯಲ್ಲಿ ತಾನೇ ಕೇಳುವ ಗಾಂಧಾರ ಷಡ್ಜದ 5/4 ಪಟ್ಟು, ಅಂದರೆ ಸುಮಾರು 386 ಸೆಂಟ್. ಕೀಬೋರ್ಡಿನದು ಮೇಲೆ ನಿಂತ ಹಾಗೆ ಕೇಳುವುದು ಅದಕ್ಕೆ. ಪಂಚಮದಲ್ಲಿ ವ್ಯತ್ಯಾಸ 2 ಸೆಂಟ್ ಮಾತ್ರ, ಗೊತ್ತಾಗುವುದಿಲ್ಲ.

ನಿಮ್ಮದೇ ಪ್ರೋಗ್ರಾಮ್ ಆದರೆ ಸಮಭಾಗಕ್ಕೆ ಕಟ್ಟುಬೀಳಬೇಕಾಗಿಲ್ಲ. ಸ ಎಷ್ಟು ಹರ್ಟ್ಜ್ ಅಂತ ಇಟ್ಟುಕೊಂಡು ಚತುಶ್ರುತಿ ರಿಷಭಕ್ಕೆ 9/8, ಗಾಂಧಾರಕ್ಕೆ 5/4, ಶುದ್ಧ ಮಧ್ಯಮಕ್ಕೆ 4/3, ಪಂಚಮಕ್ಕೆ 3/2, ಚತುಶ್ರುತಿ ಧೈವತಕ್ಕೆ 5/3, ಕಾಕಲಿ ನಿಷಾದಕ್ಕೆ 15/8 ಅಂತ ಗುಣಿಸಿ. ಮೋಹನದ ಗಾಂಧಾರವನ್ನು ಹೀಗೆ ಹೊಂದಿಸಿ ತಂಬೂರಿ ಮೇಲೆ ಹಿಡಿದು ಒಮ್ಮೆ ಕೇಳಿ. ದಯವಿಟ್ಟು ಇದೊಂದನ್ನು ಮಾಡದೆ ಬಿಡಬೇಡಿ.

ಬೇರೆ ಜೋಡಣೆಗಳೂ ಇವೆಯಾ?

ತುಂಬಾ ಇವೆ. ಹಂಗೇರಿಯ ಪಾಲ್ ಫಾನ್ ಯಾಂಕೋ 1882ರಲ್ಲೇ ಪಿಯಾನೋಗೆ ಇಂಥ ಸಮ ಜೋಡಣೆ, ಅಂದರೆ ಎಲ್ಲಿಂದ ಶುರು ಮಾಡಿದರೂ ಬೆರಳಿನ ಆಕಾರ ಒಂದೇ ಇರುವ ಜೋಡಣೆ, ಮಾಡಿದ್ದರು. ಮೇಲೆ ಎಡಕ್ಕೆ 3, ಮೇಲೆ ಬಲಕ್ಕೆ 7, ಬಲಕ್ಕೆ 4 ಇಟ್ಟರೆ ಹಾರ್ಮೋನಿಕ್ ಟೇಬಲ್. ಕಾರ್ಡ್ ಪ್ರಿಯರಿಗೆ ಅದು ಇಷ್ಟವಾಗುತ್ತದೆ, ಮೂರು ಸ್ವರ ಒಂದೇ ಕಡೆ ಗುಂಪಾಗಿ ಸಿಗುತ್ತವೆ. ಬಲಕ್ಕೆ 1, ಮೇಲಿನ ಸಾಲಿಗೆ 5 ಇಟ್ಟರೆ ಬೇಸ್ ಗಿಟಾರಿನ ತಂತಿಗಳ ಲೆಕ್ಕ.

ಪಿಟೀಲು ನುಡಿಸುವವರಿಗೆ ಇನ್ನೊಂದು ಹೇಳುತ್ತೇನೆ. ನಾಲ್ಕು ಸಾಲನ್ನು ನಾಲ್ಕು ತಂತಿ ಅಂದುಕೊಳ್ಳಿ. ಕೆಳಗಿನಿಂದ ಸ, ಪ, ಸ, ಪ. ಅಂದರೆ ಸಾಲುಗಳ ಶುರು 0, 7, 12, 19, ಬಲಕ್ಕೆ ಒಂದೊಂದೇ ಸ್ಥಾನ. ಇದು ಪೂರಾ ಸಮ ಜೋಡಣೆ ಅಲ್ಲ, ಆದರೆ ಕರ್ನಾಟಕ ಪಿಟೀಲಿನ ಬೆರಳುಗಳು ತಕ್ಷಣ ದಾರಿ ಹಿಡಿಯುತ್ತವೆ.

ಇದಕ್ಕಂತ ಹೊಸ ಕೀಬೋರ್ಡ್ ಕೊಳ್ಳಬೇಕಾ?

ಬೇಡ. ಇರುವುದರಲ್ಲೇ ಶುರು ಮಾಡಿ. ಟೈಪಿಂಗಿಗೆ ಬೇರೆ, ನುಡಿಸಲು ಬೇರೆ ಬೇಕು ಅನ್ನಿಸಿದರೆ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹಳೇ ಕೀಬೋರ್ಡ್ ಸಿಗುತ್ತದೆ. ಅಂಗಡಿಯಲ್ಲೇ ಲ್ಯಾಪ್‌ಟಾಪಿಗೆ ಹಾಕಿ ಮೂರು ಕೀ ಪರೀಕ್ಷೆ ಮಾಡಿ ತನ್ನಿ. ಕೀಗಳ ಸಾಲು ಓರೆ ಇಲ್ಲದೆ ನೆಟ್ಟಗೆ ಚೌಕವಾಗಿರುವ ಮಾಡೆಲ್ ಬೇಡ, ಇಲ್ಲಿ ಹೇಳಿದ ಆಕಾರಗಳು ಅದರಲ್ಲಿ ಸೊಟ್ಟ ಆಗುತ್ತವೆ. ಬೆಸುಗೆ ಹಾಕಲು ಬರುವವರು ಕೀಬೋರ್ಡಿನೊಳಗೇ ಕೂತು ಕೆಲಸ ಮಾಡುವ ಕ್ಯೂಎಂಕೆ ಫರ್ಮ್‌ವೇರ್ ಓಡುವ ಕೀಬೋರ್ಡ್ ಕಟ್ಟಿಕೊಂಡರೆ ಅದು ನೇರವಾಗಿ ಮಿಡಿ ವಾದ್ಯವಾಗಿಯೇ ಕೆಲಸ ಮಾಡಬಲ್ಲದು, ನಡುವೆ ಬೇರೆ ಪ್ರೋಗ್ರಾಮ್ ಬೇಡ.

ಕೀಗಳ ಮೇಲೆ ಸ್ವರದ ಸ್ಟಿಕ್ಕರ್ ಹಚ್ಚಲಾ?

ಎಲ್ಲಕ್ಕೂ ಬೇಡ. ಎಫ್ ಮತ್ತು ಜೆ ಮೇಲೆ ಆಗಲೇ ಉಬ್ಬು ಗೆರೆ ಇದೆ. ಮೇಲಿನ ಲೆಕ್ಕದಲ್ಲಿ ಎಫ್ ಅಂದರೆ ಪಂಚಮ. ತೋರುಬೆರಳಿಗೆ ಪ ಸಿಕ್ಕರೆ ಅದರ ಕೆಳಗೆ ಎಡಕ್ಕೆ ಸ, ಮೇಲೆ ಎಡಕ್ಕೆ ತಾರ ಸ. ಬೇಕೇ ಬೇಕಾದರೆ ಸಿ ಮತ್ತು ಆರ್ ಕೀಗಳಿಗೆ ಮಾತ್ರ ಒಂದೊಂದು ಚುಕ್ಕಿ ಹಚ್ಚಿ.